ಸೊಲ್ಲಾಪುರದ ಚಾದರ: ಎರಡು ವರ್ಷ ಬಳಸಿದ ಮೇಲೆ

ಮೊದಲು ಆನ್‌ಲೈನ್‌ನಲ್ಲಿ '1000 ಥ್ರೆಡ್ ಕೌಂಟ್, ಪ್ಯೂರ್ ಕಾಟನ್' (ಥ್ರೆಡ್ ಕೌಂಟ್ ಅಂದರೆ ಒಂದು ಚದರ ಇಂಚು ಬಟ್ಟೆಯಲ್ಲಿರುವ ಎಳೆಗಳ ಲೆಕ್ಕ) ಅಂತ ನೋಡಿ ಒಂದು ಬೆಡ್‌ಶೀಟ್ ತರಿಸಿದ್ದೆ. ಮುಟ್ಟಿದರೆ ನುಣುಪು, ಮಲಗಿದರೆ ಬೆವರು. ನಾಲ್ಕು ಸಲ ಒಗೆಯುವಷ್ಟರಲ್ಲಿ ಮೇಲೆಲ್ಲ ಸಣ್ಣ ಸಣ್ಣ ಉಂಡೆ ಎದ್ದವು. ಅಂಚಿನ ಒಂದು ಎಳೆ ಕಿತ್ತು ಬೆಂಕಿ ತಾಗಿಸಿದೆ, ಕರಗಿ ಗಟ್ಟಿ ಮಣಿಯಾಯಿತು. ಹತ್ತಿಯಾಗಿದ್ದರೆ ಕಾಗದದ ಹಾಗೆ ಉರಿದು ಬೂದಿಯಾಗಬೇಕಿತ್ತು, ಅಲ್ವಾ? ಪಾಲಿಯೆಸ್ಟರ್ ಮಿಕ್ಸ್!

ಆಮೇಲೆ ಸೊಲ್ಲಾಪುರಕ್ಕೆ ಹೋದಾಗ ಚಾದರ ತಂದೆ. ನಮ್ಮ ವಿಜಯಪುರ, ಕಲಬುರಗಿ ಕಡೆ ಇದಿಲ್ಲದ ಮನೆ ಕಡಿಮೆ. ದಪ್ಪ ಹತ್ತಿ, ಡಿಸೈನ್ ಪ್ರಿಂಟ್ ಅಲ್ಲ, ನೇಯ್ಗೆಯಲ್ಲೇ ಬಂದದ್ದು, ಹಾಗಾಗಿ ತಿರುವಿ ಹಾಕಿದರೆ ಅದೇ ಹೂವು ಬಣ್ಣ ಅದಲುಬದಲಾಗಿ ಕಾಣುತ್ತದೆ. ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ. ಮೊದಮೊದಲು ಸ್ವಲ್ಪ ಒರಟು, ಒಗೆದಷ್ಟೂ ಮೆತ್ತಗಾಗುತ್ತದೆ.

ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿಯೇ ಒಗೆಯಿರಿ, ಬಣ್ಣ ಬಿಡಬಹುದು. ಬಿಸಿನೀರು ಬೇಡ, ಹತ್ತಿ ಕುಗ್ಗುತ್ತದೆ. ನೆರಳಲ್ಲಿ ಒಣಗಿಸಿ. ಒದ್ದೆಯಾದಾಗ ತುಂಬಾ ಭಾರ, ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕು, ಅದೊಂದೇ ಕಷ್ಟ. ತರುವ ಮೊದಲು ಹಾಸಿಗೆಯ ಉದ್ದ, ಅಗಲದ ಜೊತೆ ದಪ್ಪವನ್ನೂ ಅಳೆದುಕೊಳ್ಳಿ. ನಾನು ಅಳೆಯದೆ ತಂದ ಒಂದು ಚಾದರ ಮಂಚದ ಅಂಚಿಗೇ ನಿಂತಿತು, ಈಗ ಅದನ್ನು ಅಮ್ಮ ಹೊದೆಯುತ್ತಾರೆ.