ಎದೆಹಾಲಿನ ಮಗಳು, ಡಬ್ಬಿ ಹಾಲಿನ ಮಗ: ಇಬ್ಬರ ತೂಕ ಪಕ್ಕಪಕ್ಕ ಇಟ್ಟು ನೋಡಿದಾಗ

ನನಗೆ ಇಬ್ಬರು ಮಕ್ಕಳು. ಮಗಳು ಆರು ತಿಂಗಳು ತುಂಬುವವರೆಗೆ ಬರೀ ಎದೆಹಾಲು ಕುಡಿದಳು. ನೀರೂ ಇಲ್ಲ, ಗ್ರೈಪ್ ವಾಟರೂ ಇಲ್ಲ. ಮಗನ ಹೆರಿಗೆಯಲ್ಲಿ ನನಗೆ ರಕ್ತ ತುಂಬಾ ಹೋಯಿತು. ಹಾಗಾದಾಗ ಹಾಲು ತಡವಾಗಿ ಬರುವುದು, ಕಡಿಮೆ ಬರುವುದು ಉಂಟು, ನನಗೂ ಹಾಗೇ ಆಯಿತು. ಮೊದಲು ಎರಡೂ ಸೇರಿಸಿ ಕೊಟ್ಟೆವು, ಎರಡನೇ ತಿಂಗಳಿಂದ ಅವನು ಹೆಚ್ಚುಕಮ್ಮಿ ಪೂರ್ತಿ ಡಬ್ಬಿ ಹಾಲಿನ ಮಗು. ಹಾಗಾಗಿ ಯಾವ ಹಾಲಲ್ಲಿ ತೂಕ ಚೆನ್ನಾಗಿ ಬರುತ್ತೆ ಅಂತ ಯಾರಾದರೂ ಕೇಳಿದರೆ ನಾನು ಇಬ್ಬರ ತಾಯಿ ಕಾರ್ಡನ್ನೂ ತೆಗೆದು ತೋರಿಸುತ್ತೇನೆ.

ಹುಟ್ಟಿದಾಗ: ಮಗಳು 2.9 ಕೆಜಿ, ಮಗ 3.0
ಮೂರು ತಿಂಗಳು: ಮಗಳು 5.7, ಮಗ 6.2
ಆರು ತಿಂಗಳು: ಮಗಳು 7.0, ಮಗ 8.3
ಒಂಬತ್ತು ತಿಂಗಳು: ಮಗಳು 7.8, ಮಗ 9.2
ಒಂದು ವರ್ಷ: ಮಗಳು 8.4, ಮಗ 10.4

ಇದನ್ನು ನೋಡಿದವರೆಲ್ಲ ಹೇಳುವುದು ಒಂದೇ ಮಾತು. "ನೋಡು, ಡಬ್ಬಿ ಹಾಲು ಹೇಗೆ ಮೈಗೆ ಹತ್ತಿದೆ, ಪಾಪ ಆ ಹುಡುಗಿಗೆ ಹಾಲು ಸಾಕಾಗಿಲ್ಲ." ಈ ಮಾತು ತಪ್ಪು. ಯಾಕೆ ತಪ್ಪು ಅಂತ ಹೇಳೋಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ವರ್ಷಕ್ಕೆ ಎರಡು ಕೆಜಿ ವ್ಯತ್ಯಾಸ. ಇದರಲ್ಲಿ ಒಂದಷ್ಟು ಹಾಲಿಗೆ ಸಂಬಂಧವೇ ಇಲ್ಲದ್ದು. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಒಂದು ವರ್ಷದ ಹೆಣ್ಣುಮಗುವಿನ ನಡುಮಧ್ಯದ ತೂಕ 8.9 ಕೆಜಿ, ಗಂಡುಮಗುವಿನದು 9.6. ಅಂದರೆ 700 ಗ್ರಾಂ ಬರೀ ಗಂಡು, ಹೆಣ್ಣು ಅನ್ನುವ ಕಾರಣಕ್ಕೆ. ಅದಕ್ಕೇ ತಾಯಿ ಕಾರ್ಡಲ್ಲಿ ಇಬ್ಬರಿಗೂ ಬೇರೆ ಬೇರೆ ಪುಟ ಇರುತ್ತೆ, ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ. ಅಣ್ಣನ ಮಗ, ತಮ್ಮನ ಮಗಳು ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿ ಅಜ್ಜಿಯಂದಿರು ಅಳೆಯುತ್ತಾರಲ್ಲ, ಅಲ್ಲೇ ಮೊದಲ ಗೊಂದಲ ಶುರು.

ಇನ್ನೊಂದು ಪಾಲು ನಿಜಕ್ಕೂ ಹಾಲಿನದು. ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್ ಊರಲ್ಲಿ ಕ್ಯಾಥರಿನ್ ಡ್ಯೂಯಿ ಮತ್ತು ಅವರ ಜೊತೆಗಾರರು ಎದೆಹಾಲು ಕುಡಿದ ಮಕ್ಕಳನ್ನೂ ಫಾರ್ಮುಲಾ ಕುಡಿದ ಮಕ್ಕಳನ್ನೂ ಹುಟ್ಟಿದಾಗಿನಿಂದ ಅಳೆಯುತ್ತಾ ಹೋದರು. ಅದರ ಫಲಿತಾಂಶ 1990ರ ದಶಕದ ಮೊದಲಲ್ಲಿ ಬಂತು. ಮೊದಲ ಎರಡು ಮೂರು ತಿಂಗಳು ಎರಡೂ ಗುಂಪು ಹತ್ತಿರಹತ್ತಿರ ಒಂದೇ ಥರ ಬೆಳೆದವು. ಆಮೇಲೆ ಎದೆಹಾಲಿನ ಮಕ್ಕಳ ತೂಕ ಏರುವ ವೇಗ ಕಡಿಮೆಯಾಯಿತು, ವರ್ಷಕ್ಕೆ ಬರುವಾಗ ಸುಮಾರು 600ರಿಂದ 650 ಗ್ರಾಂ ಹಗುರ. ಉದ್ದದಲ್ಲಿ, ತಲೆಯ ಸುತ್ತಳತೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಇದು ಬಹಳ ಮುಖ್ಯ. ಊಟ ಸಾಲದ ಮಗು ಕೊನೆಗೆ ಉದ್ದದಲ್ಲೂ ಹಿಂದೆ ಬೀಳುತ್ತದೆ. ಎದೆಹಾಲಿನ ಮಕ್ಕಳು ಬೀಳಲಿಲ್ಲ, ಬರೀ ತೆಳ್ಳಗಿದ್ದರು ಅಷ್ಟೇ.

ನನ್ನ ಮಗಳದ್ದೂ ಇದೇ ಕಥೆ. ಮೊದಲ ಮೂರು ತಿಂಗಳು ಕೆನ್ನೆ ತುಂಬಿಕೊಂಡು ಗುಂಡುಗುಂಡಗೆ ಇದ್ದಳು. ನಾಲ್ಕನೇ ತಿಂಗಳಿಂದ ತಿಂಗಳಿಗೆ ಏರುವುದು ಅರ್ಧ ಕೆಜಿಗೂ ಕಡಿಮೆ ಆಯಿತು. ಆಗ ಮನೆಗೆ ಬಂದವರೆಲ್ಲ "ಇಳಿದುಬಿಟ್ಟಿದ್ದಾಳೆ, ಮೇಲು ಹಾಲು ಶುರು ಮಾಡಮ್ಮಾ" ಅಂದರು. ಅವಳು ಇಳಿದಿರಲಿಲ್ಲ. ಆ ವಯಸ್ಸಲ್ಲಿ ಎಲ್ಲ ಮಕ್ಕಳ ವೇಗವೂ ಕಡಿಮೆಯಾಗುತ್ತದೆ. ಚಾರ್ಟಲ್ಲೇ ನೋಡಿ, ಹೆಣ್ಣುಮಗುವಿನ ನಡುಗೆರೆ ಒಂದರಿಂದ ಎರಡನೇ ತಿಂಗಳಿಗೆ 4.2ರಿಂದ 5.1ಕ್ಕೆ ಹೋಗುತ್ತದೆ, ಐದರಿಂದ ಆರಕ್ಕೆ ಬರುವಾಗ 6.9ರಿಂದ 7.3 ಅಷ್ಟೇ. ತಿಂಗಳಿಗೆ 900 ಗ್ರಾಂ ಇದ್ದದ್ದು 400 ಆಗುವುದು ಸಹಜ, ಅದು ಹಾಲು ಬತ್ತಿದ ಗುರುತಲ್ಲ.

ಈ ಭಯಕ್ಕೆ ಹಿಂದಿನ ಚಾರ್ಟುಗಳೂ ಕಾರಣ. 2006ಕ್ಕಿಂತ ಮುಂಚೆ ದೇಶದೇಶಗಳಲ್ಲಿ ಬಳಸುತ್ತಿದ್ದ ಅಳತೆ ಅಮೆರಿಕದ್ದು. ಅದರಲ್ಲಿ ಎಳೆ ಮಕ್ಕಳ ಲೆಕ್ಕ ಬಂದಿದ್ದು ಒಹಾಯೋ ರಾಜ್ಯದ ಒಂದು ಅಧ್ಯಯನದಿಂದ, ಆ ಮಕ್ಕಳಲ್ಲಿ ಹೆಚ್ಚಿನವರು ಬಾಟಲಿ ಹಾಲಿನವರು. ಅದರ ಪಕ್ಕ ಎದೆಹಾಲಿನ ಮಗುವನ್ನು ಇಟ್ಟರೆ ನಾಲ್ಕೈದು ತಿಂಗಳಿಗೆ ಗೆರೆ ಕೆಳಗೆ ಜಾರಿದ ಹಾಗೆ ಕಾಣುತ್ತಿತ್ತು. ಎಷ್ಟು ತಾಯಂದಿರು ಆ ಗೆರೆ ನೋಡಿ ಸುಮ್ಸುಮ್ನೆ ಹೆದರಿ ಡಬ್ಬಿ ತೆರೆದಿರಬಹುದು ಅಂತ ಯೋಚಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳಲ್ಲಿ ಎದೆಹಾಲು ಕುಡಿದ ಆರೋಗ್ಯವಂತ ಮಕ್ಕಳನ್ನು ಅಳೆದು 2006ರಲ್ಲಿ ಹೊಸ ಚಾರ್ಟ್ ತಂದಿತು. ನಮ್ಮ ಮಕ್ಕಳನ್ನು ಅಳೆದದ್ದು ದಕ್ಷಿಣ ದೆಹಲಿಯಲ್ಲಿ. ಇವತ್ತು ಅಂಗನವಾಡಿಯಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಲ್ಲಿ ಗುರುತು ಹಾಕುವುದು ಇದೇ ಚಾರ್ಟಲ್ಲಿ. ನನ್ನ ಮಗಳು ನಡುಗೆರೆಗಿಂತ ಚೂರು ಕೆಳಗೆ, ಆದರೆ ವರ್ಷ ಪೂರ್ತಿ ಹಸಿರಿನಲ್ಲೇ, ಗೆರೆಗೆ ಸಮಾನಾಂತರವಾಗಿ ನಡೆದಳು. ನೋಡಬೇಕಾದ್ದು ಅದನ್ನು.

ಇನ್ನು ಮಗನ ತೂಕ ಅಷ್ಟು ಜೋರಾಗಿ ಯಾಕೆ ಏರಿತು? ನನಗೆ ಎರಡು ಕಾರಣ ಕಾಣುತ್ತದೆ.

ಮೊದಲನೆಯದು ಪ್ರೊಟೀನು. 100 ಮಿಲೀ ಎದೆಹಾಲಲ್ಲಿ ಸುಮಾರು ಒಂದು ಗ್ರಾಂ ಪ್ರೊಟೀನು, ಫಾರ್ಮುಲಾದಲ್ಲಿ ಅದಕ್ಕಿಂತ ಜಾಸ್ತಿ, ಹಸುವಿನ ಹಾಲಲ್ಲಂತೂ ಮೂರು ಗ್ರಾಂಗೂ ಮೇಲೆ. ಯೂರೋಪಿನ ಐದು ದೇಶಗಳಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಕೆಲವು ಮಕ್ಕಳಿಗೆ ಕಡಿಮೆ ಪ್ರೊಟೀನಿನ ಫಾರ್ಮುಲಾ, ಕೆಲವರಿಗೆ ಹೆಚ್ಚು ಪ್ರೊಟೀನಿನದು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ವರ್ಷಕ್ಕೆ ಇಬ್ಬರ ಉದ್ದ ಒಂದೇ, ಹೆಚ್ಚು ಪ್ರೊಟೀನಿನವರು ಮಾತ್ರ ಉದ್ದಕ್ಕೆ ಹೋಲಿಸಿದರೆ ದಪ್ಪ. ಅಂದರೆ ಆ ಹೆಚ್ಚುವರಿ ತೂಕ ಎತ್ತರಕ್ಕೆ ಹೋಗಲಿಲ್ಲ.

ಎರಡನೆಯದನ್ನು ನಾನು ಕಣ್ಣಾರೆ ಕಂಡೆ. ಮಗಳು ಎಷ್ಟು ಕುಡಿದಳು ಅಂತ ನನಗೆ ಯಾವತ್ತೂ ಗೊತ್ತಾಗಲಿಲ್ಲ. ಸಾಕು ಅನ್ನಿಸಿದಾಗ ಬಾಯಿ ಬಿಟ್ಟು ನಿದ್ದೆ ಹೋಗುತ್ತಿದ್ದಳು, ಮುಗೀತು. ಒಂದರಿಂದ ಆರು ತಿಂಗಳವರೆಗೆ ಎದೆಹಾಲಿನ ಮಗು ದಿನಕ್ಕೆ ಸರಾಸರಿ 750ರಿಂದ 800 ಮಿಲೀ ಕುಡಿಯುತ್ತದೆ, ಮಗು ದೊಡ್ಡದಾದರೂ ಈ ಲೆಕ್ಕ ಜಾಸ್ತಿ ಏರುವುದಿಲ್ಲ. ಮಗನದ್ದು ಹಾಗಲ್ಲ, ಬಾಟಲಿಯಲ್ಲಿ ಗೆರೆ ಇದೆ, ಗೆರೆ ಇದ್ದ ಮೇಲೆ ಅದನ್ನು ಮುಗಿಸಬೇಕು ಅನ್ನುವ ಹಟ ಮನೆಯವರಿಗೆಲ್ಲ ಬರುತ್ತದೆ. ಅವನು ತಲೆ ಆ ಕಡೆ ತಿರುಗಿಸಿದರೂ ಉಳಿದ ಸ್ವಲ್ಪ ಹಾಲನ್ನು ಅಲ್ಲಾಡಿಸಿ ಅಲ್ಲಾಡಿಸಿ ಕುಡಿಸುತ್ತಿದ್ದರು. ನಾಲ್ಕು ತಿಂಗಳಿಗೇ ಅವನು ದಿನಕ್ಕೆ ಒಂದು ಲೀಟರ್ ಹತ್ತಿರ ಹೋಗಿದ್ದ. ಮಕ್ಕಳ ಡಾಕ್ಟರು ನೋಡಿ, ಮಗುವನ್ನು ಸ್ವಲ್ಪ ನೆಟ್ಟಗೆ ಕೂರಿಸಿ, ಮಧ್ಯೆಮಧ್ಯೆ ನಿಲ್ಲಿಸಿ ಕುಡಿಸಿ, ಮುಖ ತಿರುಗಿಸಿದರೆ ಅಲ್ಲಿಗೆ ಬಿಟ್ಟುಬಿಡಿ ಅಂದರು. ಹಾಗೆ ಮಾಡಿದ ಮೇಲೆ ಅವನ ಗೆರೆಯೂ ಮೇಲೆ ಮೇಲೆ ಹಾರುವುದು ನಿಂತಿತು.

ತೂಕ ಬಿಟ್ಟು ಬೇರೆ ವಿಷಯ ಬೇಗ ಹೇಳಿಬಿಡುತ್ತೇನೆ. ಖರ್ಚು: ಎದೆಹಾಲಿಗೆ ನನ್ನ ಊಟ ಬಿಟ್ಟರೆ ಏನಿಲ್ಲ. ಡಬ್ಬಿ ಹಾಲಿಗೆ 400 ಗ್ರಾಂ ಪ್ಯಾಕ್ ಒಂದು ಮೂರು ನಾಲ್ಕು ದಿನ ಬರುತ್ತಿತ್ತು, ತಿಂಗಳಿಗೆ ಮೂರು ಸಾವಿರ ದಾಟುತ್ತಿತ್ತು. ರಾತ್ರಿ: ಮಗಳ ಜೊತೆ ನಾನೊಬ್ಬಳೇ ಎದ್ದೆ, ಮಗನಿಗೆ ಗಂಡನೂ ಎದ್ದರು, ಅದು ನನಗೆ ದೊಡ್ಡ ಆಸರೆ. ಕಾಯಿಲೆ: ಮಗನಿಗೆ ಎಂಟನೇ ತಿಂಗಳಲ್ಲಿ ಭೇದಿ ಹತ್ತಿಕೊಂಡು ತೂಕ ನಿಂತುಹೋಯಿತು, ಒಂಬತ್ತರ ಅಂಕಿ ಅದಕ್ಕೇ ಕಡಿಮೆ. ಮಗಳಿಗೆ ಮೊದಲ ವರ್ಷ ಅಂಥದ್ದು ಬರಲಿಲ್ಲ. ಎದೆಹಾಲಿನ ಮಕ್ಕಳಿಗೆ ಭೇದಿ ಕಡಿಮೆ ಅನ್ನುವುದು ಎಲ್ಲ ಡಾಕ್ಟರೂ ಹೇಳುವ ಮಾತು.

ಡಬ್ಬಿ ಹಾಲು ಕೊಡುವವರು ಒಂದು ವಿಷಯ ದಯವಿಟ್ಟು ಗಮನಿಸಿ. ಡಬ್ಬಿ ಬೇಗ ಮುಗಿಯುತ್ತೆ ಅಂತ ನೀರು ಜಾಸ್ತಿ ಹಾಕಿದರೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮಗು ಮಾತ್ರ ಸೊರಗುತ್ತದೆ. ತೂಕ ಬರಲಿ ಅಂತ ಪುಡಿ ಜಾಸ್ತಿ ಹಾಕಿದರೆ ಎಳೆ ಮೂತ್ರಪಿಂಡಕ್ಕೆ ಭಾರ. ಡಬ್ಬಿ ಮೇಲೆ ಬರೆದಷ್ಟೇ ನೀರು, ಅಷ್ಟೇ ಚಮಚ, ಚಮಚ ತಲೆ ಸವರಿ. ನೀರು ಕುದಿಸಿ, ಅದು 70 ಡಿಗ್ರಿಗಿಂತ ತಣ್ಣಗಾಗುವ ಮೊದಲೇ ಪುಡಿ ಕಲಸಬೇಕು, ಯಾಕೆಂದರೆ ಪುಡಿಯಲ್ಲೂ ರೋಗಾಣು ಇರಬಹುದು. ಆಮೇಲೆ ಆರಿಸಿ ಕೊಡಿ. ಕಲಸಿಟ್ಟ ಹಾಲು ಹೊರಗಿದ್ದರೆ ಎರಡು ಗಂಟೆ ದಾಟಿಸಬೇಡಿ, ಮಗು ಕುಡಿದು ಬಿಟ್ಟದ್ದನ್ನು ಮತ್ತೆ ಕೊಡಬೇಡಿ. ನಮ್ಮ ದೇಶದಲ್ಲಿ 1992ರಿಂದ ಕಾನೂನೇ ಇದೆ, ಡಬ್ಬಿ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ಜಾಹೀರಾತು ಮಾಡುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಅದೇ ನೆಪದಲ್ಲಿ, ಬೇರೆ ದಾರಿ ಇಲ್ಲದೆ ಡಬ್ಬಿ ಹಿಡಿದ ತಾಯಿಗೆ ಇದನ್ನು ಸರಿಯಾಗಿ ಕಲಸುವುದು ಹೇಗೆ ಅಂತ ಹೇಳಿಕೊಡುವವರೇ ಇಲ್ಲದ ಹಾಗೆ ಆಗಬಾರದು.

ಎದೆಹಾಲಿನವರಿಗೂ ಒಂದು ಮಾತು. ನಿಧಾನ ಏರುವುದು ಸಹಜ ಅಂದೆ, ಆದರೆ ಎಲ್ಲ ನಿಧಾನವೂ ಸಹಜ ಅಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸರಿ. ಅದು ಹತ್ತನೇ ಒಂದು ಪಾಲು ದಾಟಬಾರದು, ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ವಾಪಸ್ ಬರಬೇಕು. ಮೊದಲ ಮೂರು ತಿಂಗಳು ದಿನಕ್ಕೆ ಹೆಚ್ಚುಕಮ್ಮಿ 25ರಿಂದ 30 ಗ್ರಾಂ ಏರಬೇಕು. ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ, ಹಾಲಿಗೂ ಏಳದಷ್ಟು ಮಂಪರು, ಚಾರ್ಟಲ್ಲಿ ಒಂದು ಗೆರೆಯಿಂದ ಕೆಳಗಿನ ಗೆರೆಗೆ ಜಾರುವುದು, ಇವು ಕಂಡರೆ ಕಾಯಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅಳು ಮಾತ್ರ ನಂಬುವ ಗುರುತಲ್ಲ. ಸಂಜೆ ಹೊತ್ತು ಎಲ್ಲ ಮಕ್ಕಳೂ ಅಳುತ್ತವೆ. ಆ ಅಳು ಕೇಳಿ "ಹಾಲು ಸಾಲ್ತಿಲ್ಲ" ಅಂತ ಒಂದು ಬಾಟಲಿ ಶುರು ಮಾಡಿದರೆ ಮಗು ಎದೆಗೆ ಬರುವುದು ಕಡಿಮೆಯಾಗುತ್ತದೆ, ಹಾಲು ಊರುವುದೂ ಕಡಿಮೆಯಾಗುತ್ತದೆ. ಅದು ಸೇದಿದಷ್ಟೂ ಊರುವ ಬಾವಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿನ್ನಿ, ಒಳ್ಳೆಯದೇ. ಆದರೆ ಹಾಲು ಹೆಚ್ಚಿಸುವುದು ಮಗು ಪದೇಪದೇ ಚೀಪುವುದು, ರಾತ್ರಿಯೂ ಸೇರಿ.

ಹಾಗಾದರೆ ನನ್ನ ಆಯ್ಕೆ ಯಾವುದು? ಹಾಲು ಬರುವುದಾದರೆ ಎದೆಹಾಲು, ಅದರಲ್ಲಿ ಎರಡು ಮಾತಿಲ್ಲ. ಬರದಿದ್ದರೆ, ನನಗಾದ ಹಾಗೆ, ಫಾರ್ಮುಲಾ ಕೊಡಿ, ಅದಕ್ಕೆ ಯಾರ ಎದುರೂ ತಲೆ ತಗ್ಗಿಸಬೇಡಿ. ಮಗ ಆರೋಗ್ಯವಾಗಿದ್ದಾನೆ. ಅವನ 10.4 ನನ್ನ ಹೆಗ್ಗಳಿಕೆಯೂ ಅಲ್ಲ, ಮಗಳ 8.4 ನನ್ನ ಸೋಲೂ ಅಲ್ಲ. ಆರು ತಿಂಗಳ ಮೇಲೆ ಇಬ್ಬರಿಗೂ ಒಂದೇ ರಾಗಿ ಸರಿ, ಒಂದೇ ಬೇಳೆ ಅನ್ನ ತುಪ್ಪ.

ಕೆಲಸಕ್ಕೆ ಹೋಗುವವರಿಗೆ ಮೂರನೇ ದಾರಿಯೂ ಇದೆ, ನನ್ನ ತಂಗಿ ಹಿಡಿದದ್ದು ಅದು. 26 ವಾರದ ರಜೆ ಮುಗಿದ ಮೇಲೆ ಅವಳು ಹಾಲು ಹಿಂಡಿ ಫ್ರಿಜ್ಜಲ್ಲಿ ಇಟ್ಟು ಹೋಗುತ್ತಿದ್ದಳು. ಫ್ರಿಜ್ಜಲ್ಲಿ ನಾಲ್ಕು ದಿನದವರೆಗೆ ಇಡಬಹುದು, ಹೊರಗೆ ನಾಲ್ಕು ಗಂಟೆ, ನಮ್ಮ ಬೇಸಿಗೆಯಲ್ಲಿ ಅದಕ್ಕಿಂತ ಬೇಗ ಕೊಟ್ಟುಬಿಡುವುದು ಒಳ್ಳೆಯದು. ಇಲ್ಲೂ ಬಾಟಲಿಯ ವಿಷಯ ಬರುತ್ತದೆ. 2012ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಬಾಟಲಿಯಲ್ಲಿ ಕುಡಿದ ಮಕ್ಕಳು ಒಳಗಿದ್ದದ್ದು ತಾಯಿಯ ಹಾಲೇ ಆಗಿದ್ದರೂ ನೇರವಾಗಿ ಎದೆಯಿಂದ ಕುಡಿದವರಿಗಿಂತ ಬೇಗ ತೂಕ ಏರಿದರು. ತಂಗಿಯ ಅತ್ತೆ ಬಾಟಲಿ ಬೇಡವೇ ಬೇಡ ಅಂದು ಹಳೆಯ ಬೆಳ್ಳಿ ಒಳಲೆ ತೆಗೆದರು. ನಿಧಾನ ಆಗುತ್ತದೆ, ಒಂದಷ್ಟು ಚೆಲ್ಲುತ್ತದೆ ಕೂಡ, ಆದರೆ ಕುದಿಸಿ ತೊಳೆಯುವುದು ಸುಲಭ, ಮಗು ಬಾಯಿ ಮುಚ್ಚಿದರೆ ಒತ್ತಿ ಕುಡಿಸೋಕೂ ಆಗಲ್ಲ. ಅವಳ ಮಗಳಿಗೆ ಈಗ ಒಂಬತ್ತು ತಿಂಗಳು, 8.0 ಕೆಜಿ, ಒಳಲೆ ಬಿಟ್ಟು ಪುಟ್ಟ ಲೋಟದಲ್ಲಿ ಕುಡಿಯುತ್ತಾಳೆ.