ಷಟ್ಕೋನದ ಕಾಗದದಚ್ಚುಗಳು: ಅಚ್ಚು ಸರಿ, ಜೋಡಣೆಯ ಹಾಳೆ ಸಾಲದು

ಹಳೆಯ ಇಳಕಲ್ ಸೀರೆಯ ಚೂರುಗಳಿಂದ ಕೌದಿ ಹೊಲಿಯಲೆಂದು, 1 ಇಂಚು ಬದಿಯ 100 ಷಟ್ಕೋನ ಅಚ್ಚುಗಳ ಈ ಪೊಟ್ಟಣವನ್ನು ತರಿಸಿಕೊಂಡೆ. ಕಾಗದದ ದಪ್ಪ ಹದವಾಗಿದ್ದು, ಬಟ್ಟೆಯನ್ನು ಅದರ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕಿದಾಗ ಮೂಲೆಗಳು ಚೂಪಾಗಿಯೇ ನಿಲ್ಲುತ್ತವೆ. ಏಳೆಂಟು ಅಚ್ಚುಗಳ ಅಂಚು ಮಾತ್ರ ಕೂದಲೆಳೆಯಷ್ಟು ಓರೆಯಾಗಿತ್ತು; ಮೂರು ತುಂಡುಗಳು ಕೂಡುವಲ್ಲಿ ಬಟ್ಟೆ ಸುಕ್ಕುಗಟ್ಟಲು ಅಷ್ಟೇ ಸಾಕಾಯಿತು.

ಜೊತೆಗಿರುವ ಹಾಳೆಯು ನಡುವೆ ಒಂದು, ಸುತ್ತ ಆರು, ಅದರಾಚೆ ಹನ್ನೆರಡು ಎಂದು 19 ತುಂಡುಗಳ ಹೂವನ್ನು ತೋರಿಸುತ್ತದೆಯೇ ಹೊರತು, ಹೂವುಗಳು ಒಂದರೊಳಗೊಂದು ಬೆರೆತುಹೋಗದಂತೆ ನಡುವೆ ತಿಳಿಬಣ್ಣದ ಸಾಲು ಇಡಬೇಕೆಂಬುದನ್ನು ಹೇಳುವುದಿಲ್ಲ. ಎಲ್ಲವನ್ನೂ ಚಾಪೆಯ ಮೇಲೆ ಹರಡಿ (ಫ್ಯಾನ್ ಆರಿಸಿಯೇ ಹರಡಬೇಕು), ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದಾಗಲೇ ನನ್ನ ಕಡುಗೆಂಪು, ಕಡುಹಸಿರು ತುಂಡುಗಳೆರಡೂ ಒಂದೇ ಛಾಯೆಯಲ್ಲಿ ಕಾಣುತ್ತಿರುವುದು ತಿಳಿದದ್ದು.