ಲೆಪರ್ಡ್ ಗೆಕ್ಕೋಗೆ ನೆಲ: ಮಣ್ಣು-ಮರಳಾ, ಕಲ್ಲಾ?

ಲೆಪರ್ಡ್ ಗೆಕ್ಕೋ ಅನ್ನೋ ಸಾಕು ಹಲ್ಲಿಯ ಗೂಡಿನ ನೆಲಕ್ಕೆ ಏನು ಹಾಕೋದು? ಅದಕ್ಕೆ ಅಗೆಯೋಕೆ ಬಿಡಬೇಕು ಅಂದ್ರೆ ಮಣ್ಣು-ಮರಳಿನ ಮಿಶ್ರಣವೇ ಸರಿ. ಸುಮಾರು 70 ಭಾಗ ಗೊಬ್ಬರ ಸೇರಿಸದ ಮಣ್ಣು, 30 ಭಾಗ ತೊಳೆದ ಮರಳು, ಕೆಲವು ಇಂಚು ಆಳ; ಒದ್ದೆ ಮಾಡಿ, ತಟ್ಟಿ, ಪೂರ್ತಿ ಒಣಗಿಸಿದರೆ ಗಟ್ಟಿಯಾಗಿ ಕೂರುತ್ತದೆ. ಖರ್ಚು ಕಡಿಮೆ, ಆದರೆ ತೂಕ ಜಾಸ್ತಿ, ಧೂಳೂ ಇರುತ್ತದೆ.

ಚಪ್ಪಡಿ ಕಲ್ಲು ವರ್ಷಗಟ್ಟಲೆ ಬರುತ್ತದೆ. ಒರೆಸಿದರೆ ಸಾಕು, ಬಿಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಗೆಯೋಕೆ ಮಾತ್ರ ಆಗಲ್ಲ, ಅಲ್ವಾ? ಸ್ವಚ್ಛತೆಗೆ ಸಮಯ ಇಲ್ಲದವರಿಗೆ ಇದೇ ಸುಲಭ. ಎರಡೂ ಬೇಕಾದರೆ ಬಿಸಿ ಕೊಡುವ ದೀಪದ ಕೆಳಗೆ ಕಲ್ಲು, ಉಳಿದ ಕಡೆ ಮಣ್ಣು ಹಾಕಿ.

ಹೊಸದಾಗಿ ತಂದ, ಹುಷಾರಿಲ್ಲದ ಅಥವಾ ತೀರಾ ಮರಿ ಗೆಕ್ಕೋಗೆ ಸದ್ಯಕ್ಕೆ ಪೇಪರ್ ಟವೆಲ್ ಸಾಕು, ಹಿಕ್ಕೆ ಹೇಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಕ್ಯಾಲ್ಸಿಯಂ ಮರಳು (ಸಾಕುಪ್ರಾಣಿಗಳಿಗೆಂದು ಮಾರುವ, ಕ್ಯಾಲ್ಸಿಯಂನಿಂದ ಮಾಡಿದ ಮರಳು) ಬೇಡವೇ ಬೇಡ. ನೆಕ್ಕಿ ನುಂಗಿದರೆ ಕರುಳಲ್ಲಿ ಕಟ್ಟಿಕೊಳ್ಳಬಹುದು.